ಹದಿಮೂರು ಅಕ್ಷರದ ಪಾಸ್‌ವರ್ಡ್

ನಾವಿಬ್ಬರೂ ಕೆಲಸಕ್ಕೆ ಸೇರಿದ್ದು ಒಂದೇ ವಾರದಲ್ಲಿ. ದೊಡ್ಡನೆಕ್ಕುಂದಿಯ ಕೈಗಾರಿಕಾ ಪ್ರದೇಶದಲ್ಲಿ, ಬಣ್ಣ ತಯಾರಿಸುವ ಕಾರ್ಖಾನೆಯೊಂದರ ಹಿಂದೆ ಎರಡು ಮಹಡಿಯ ಕಟ್ಟಡ. ಆಸ್ಪತ್ರೆಗಳ ಸ್ಕ್ಯಾನಿಂಗ್ ಯಂತ್ರಕ್ಕೆ ಸಾಫ್ಟ್‌ವೇರ್ ಬರೆಯುವ ಸಣ್ಣ ಕಂಪನಿ. ಎರಡು ಸಾವಿರದ ದಶಕದ ನಡುವಿನ ವರ್ಷಗಳು ಅವು. ಅವಳು ಟೆಸ್ಟಿಂಗ್‌ನಲ್ಲಿದ್ದಳು, ನಾನು ಕಂಪ್ಯೂಟರ್, ಸರ್ವರ್‌ಗಳನ್ನು ನೋಡಿಕೊಳ್ಳುತ್ತಿದ್ದೆ. ಮಧ್ಯಾಹ್ನ ಒಂದೇ ಮೇಜಿನಲ್ಲಿ ಕೂತು ಡಬ್ಬಿ ಬದಲಾಯಿಸಿಕೊಂಡು ತಿನ್ನುತ್ತಿದ್ದೆವು.

ಅವಳು ಕೆ.ಆರ್. ಪುರದ ಹಳೇ ಊರಿನವಳು. ಅವಳ ಅಜ್ಜ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಆಗಲೇ ಸಾಲಾಗಿ ಅವರದೇ ಬಾಡಿಗೆ ಮನೆಗಳು ಎದ್ದಿದ್ದವು. ನಮ್ಮದು ಜೋಗುಪಾಳ್ಯದಲ್ಲಿ ಬಾಡಿಗೆ ಮನೆ; ಅಪ್ಪ ವಿಮಾ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಈ ವ್ಯತ್ಯಾಸ ನಮ್ಮಿಬ್ಬರ ನಡುವೆ ಎಂದೂ ಬಂದಿರಲಿಲ್ಲ, ಅಥವಾ ಬಂದಿರಲಿಲ್ಲ ಎಂದು ನಾನು ನಂಬಿಕೊಂಡಿದ್ದೆ.

ಒಂದು ಬೆಳಗ್ಗೆ ಮ್ಯಾನೇಜರ್ ನಮ್ಮ ಹತ್ತಿರ ಬಂದು ನಿಂತರು. ಯುರೋಪಿನ ಗ್ರಾಹಕರೊಬ್ಬರ ಲ್ಯಾಬಿನಲ್ಲಿ ನಮ್ಮ ಸಾಫ್ಟ್‌ವೇರ್ ಹಾಕಿ ತೋರಿಸಬೇಕಿತ್ತು. ಎರಡು ವಾರದ ಕೆಲಸ. ನಮ್ಮಿಬ್ಬರಲ್ಲಿ ಯಾರು ಹೋದರೂ ನಡೆಯುತ್ತದೆ ಎಂದರು. ಆಮೇಲೆ, ಏನೋ ಮರೆತಿದ್ದವರಂತೆ ಕೇಳಿದರು.

"ಪಾಸ್‌ಪೋರ್ಟ್ ಯಾರ ಹತ್ರ ಇದೆ?"

ಅವಳು ಮೆಲ್ಲಗೆ ಕೈ ಎತ್ತಿದಳು. ಹಿಂದಿನ ವರ್ಷ ಮನೆಯವರೆಲ್ಲ ಸಿಂಗಪುರಕ್ಕೆ ಟೂರ್ ಹೋಗೋಣ ಎಂದು ಮಾಡಿಸಿಟ್ಟುಕೊಂಡಿದ್ದ ಪಾಸ್‌ಪೋರ್ಟು. ಟೂರ್ ನಡೆದೇ ಇರಲಿಲ್ಲ. ನಾನು ಒಮ್ಮೆ ಮನೆಯಲ್ಲಿ ಆ ಮಾತೆತ್ತಿದಾಗ ಅಪ್ಪ, "ಬೇಕಾದಾಗ ಮಾಡಿಸಿದ್ರಾಯ್ತು ಬಿಡಮ್ಮ" ಅಂದಿದ್ದರು. ಬೇಕಾದ ದಿನ ಬಂದು ಅರ್ಧ ನಿಮಿಷದಲ್ಲಿ ಹೊರಟೂ ಹೋಯಿತು.

ಆ ಸಂಜೆ ಕಂಪನಿ ಬಸ್ಸಿನಲ್ಲಿ ಹಲಸೂರಿನವರೆಗೆ ನಾನು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಅವಳು ಸಂತೋಷಪಟ್ಟಿದ್ದೇ ತಪ್ಪಾಗಿ ಕಂಡಿತು. ಮುಂದಿನ ಹದಿನೈದು ದಿನ ಅವಳ ಜೊತೆ ಸ್ವೆಟರ್ ಕೊಳ್ಳಲು ಹೋದೆ, ಸೂಟ್‌ಕೇಸ್ ಆರಿಸಿಕೊಟ್ಟೆ, ಶೂ ಚೆನ್ನಾಗಿದೆ ಎಂದೆ. ಒಂದೊಂದಕ್ಕೂ ಹೊಟ್ಟೆಯಲ್ಲಿ ಕಿಚ್ಚು ಏಳುತ್ತಿತ್ತು. ಅವಳು ನೀಲಿ ಸೂಟ್‌ಕೇಸ್ ಇಷ್ಟಪಟ್ಟಾಗ ಬೇಕೆಂದೇ ಕಂದು ಬಣ್ಣದ್ದು ಗಟ್ಟಿಯಾಗಿದೆ ಎಂದು ಅದನ್ನೇ ಕೊಳ್ಳುವ ಹಾಗೆ ಮಾಡಿದೆ.

ಅವಳ ಲ್ಯಾಪ್‌ಟಾಪ್ ಸಿದ್ಧಮಾಡುವ ಕೆಲಸ ನನಗೇ ಬಂತು. ಗ್ರಾಹಕರ ವಿನ್ಯಾಸಗಳೆಲ್ಲ ಅದರಲ್ಲಿದ್ದವು. ದಾರಿಯಲ್ಲಿ ಕಳುವಾದರೆ, ಗಡಿಯಲ್ಲಿ ಯಾರಾದರೂ ತೆಗೆಸಿ ನೋಡಿದರೆ ಎಂಬ ಚಿಂತೆ ಮ್ಯಾನೇಜರ್‌ಗೆ. ನಾನು ಎಲ್ಲವನ್ನೂ ಸರ್ವರ್‌ಗೆ ನಕಲು ಮಾಡಿ, ಲ್ಯಾಪ್‌ಟಾಪ್ ಪೂರ್ತಿ ಖಾಲಿ ಮಾಡಿ, ತೋರಿಸಲು ಬೇಕಾದಷ್ಟನ್ನು ಮಾತ್ರ ತಿರುಗಿ ಹಾಕಿದೆ. ಹಳೆಯ ಮೇಲ್‌ಗಳನ್ನೂ ಬಿಡಲಿಲ್ಲ. ಆಮೇಲೆ ಇಡೀ ಡಿಸ್ಕಿಗೆ ಬೀಗ ಹಾಕುವ ತಂತ್ರಾಂಶ ಹಾಕಿದೆ. ಆನ್ ಮಾಡಿದ ಕೂಡಲೇ ಪಾಸ್‌ವರ್ಡ್ ಕೇಳುತ್ತದೆ, ಕೊಡದಿದ್ದರೆ ಕಪ್ಪು ಪರದೆ ಬಿಟ್ಟು ಬೇರೇನೂ ಕಾಣುವುದಿಲ್ಲ.

ಇಷ್ಟಾದ ಮೇಲೆ ಮ್ಯಾನೇಜರ್ ಹತ್ತಿರ ಹೋಗಿ ಹೇಳಿದೆ, "ಸರ್, ಪಾಸ್‌ವರ್ಡ್ ಅವಳಿಗೂ ಗೊತ್ತಿರೋದು ಬೇಡ. ಗೊತ್ತಿಲ್ಲ ಅಂದ್ರೆ ಯಾರು ಕೇಳಿದ್ರೂ ಹೇಳೋಕಾಗಲ್ಲ. ಸೋಮವಾರ ಲ್ಯಾಬ್‌ಗೆ ಹೋದ್ಮೇಲೆ ನನಗೆ ಫೋನ್ ಮಾಡ್ಲಿ, ಹೇಳ್ತೀನಿ."

ಅವರಿಗೆ ಹಿಡಿಸಿತು. ನಾನು ಅವರಿಗೆ ಹೇಳದೆ ಉಳಿಸಿಕೊಂಡ ಕಾರಣ ಬೇರೆ. ಅಲ್ಲಿಗೆ ಹೋಗಿ ನಿಂತಾಗಲೂ ಅವಳಿಗೆ ನಾನು ಬೇಕಾಗಬೇಕು, ನನ್ನನ್ನು ಕೇಳದೆ ಅವಳ ಕೆಲಸ ಶುರುವಾಗಬಾರದು. ನನಗೆ ಬೇಕಿದ್ದದ್ದು ಅದು.

ಪಾಸ್‌ವರ್ಡ್ ಟೈಪ್ ಮಾಡಲು ಕೂತಾಗ ಆ ದಿನಗಳಲ್ಲಿ ತಲೆಯೊಳಗೆ ಸುತ್ತುತ್ತಿದ್ದ ಮಾತೇ ಬೆರಳಿಗೆ ಬಂತು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೆ: 'ನನಗ್ಯಾಕಿಲ್ಲ'. ಹದಿಮೂರು ಅಕ್ಷರ. ಫೋನಿನಲ್ಲಿ ಇದನ್ನು ಅವಳಿಗೆ ನಾನೇ ಬಿಡಿಸಿ ಹೇಳಬೇಕಾಗುತ್ತದೆ ಎನ್ನುವುದು ಹೊಳೆಯಲೇ ಇಲ್ಲ. ಹೊಳೆದಾಗ ಅವಳು ವಿಮಾನ ಹತ್ತಿಯಾಗಿತ್ತು.

ಮರುದಿನ ಭಾನುವಾರ. ಮಧ್ಯಾಹ್ನ ಅಮ್ಮನ ಜೊತೆ ಶಿವಾಜಿನಗರದಲ್ಲಿ ಬ್ಲೌಸಿಗೆ ಲೈನಿಂಗ್ ಬಟ್ಟೆ ನೋಡುತ್ತಿದ್ದೆ. ಫೋನ್ ಹೊಡೆದುಕೊಂಡಿತು. ಉದ್ದನೆಯ ನಂಬರು, ಹೊರದೇಶದ್ದು. ಸುಖವಾಗಿ ಬಂದಿಳಿದೆ ಅನ್ನೋಕೆ ಮಾಡಿದಾಳೆ, ಅಲ್ಲಿಯ ಚಳಿ ವರ್ಣಿಸ್ತಾಳೆ ಎಂದುಕೊಂಡು ಎತ್ತಲಿಲ್ಲ. ಪೂರ್ತಿ ರಿಂಗ್ ಆಗಿ ನಿಂತಿತು. ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ, ಬಿಚ್ಚಿ ನೋಡಿದೆ. ಎರಡನೇ ಸಲವೂ ಬಿಟ್ಟೆ. ಮೂರನೇ ಸಲ ಅಮ್ಮನೇ, "ತೆಗೀ, ಯಾರಿಗೇನಾಯ್ತೋ" ಎಂದರು.

"ಎಲ್ಲಿದ್ದೆ? ಎಷ್ಟ್ ಸಲ ಮಾಡೋದು?" ಅವಳ ದನಿ ಸಣ್ಣಗಾಗಿತ್ತು. "ಏರ್‌ಪೋರ್ಟ್‌ನಲ್ಲಿ ಕೂರಿಸ್ಬಿಟ್ಟಿದ್ದಾರೆ ಕಣೇ. ಒಂದೂವರೆ ಗಂಟೆ ಆಯ್ತು. ಲ್ಯಾಪ್‌ಟಾಪ್ ಓಪನ್ ಮಾಡು ಅಂತಾರೆ. ಪಾಸ್‌ವರ್ಡ್ ನಂಗೊತ್ತಿಲ್ಲ ಅಂದ್ರೆ ನಂಬ್ತಾನೇ ಇಲ್ಲ. ನಿನ್ನದೇ ಮೆಷಿನ್ ಅಂತೀಯ, ಗೊತ್ತಿಲ್ಲ ಅಂತೀಯ, ಹೇಗೆ ಅಂತ ಕೇಳ್ತಿದ್ದಾರೆ."

ಅಂಗಡಿಯವರು ನನ್ನ ಮುಖ ನೋಡಿ, "ಇಲ್ಲಿ ಗಲಾಟೆ ಇದೆ, ಒಳಗೆ ಬಂದು ಮಾತಾಡಿ ಬೇಟಾ" ಎಂದು ಬಟ್ಟೆಯ ಥಾನುಗಳ ನಡುವೆ ಜಾಗ ಮಾಡಿಕೊಟ್ಟರು. ಸೋಮವಾರಕ್ಕೆ ಮೊದಲು ಕೊಡುವುದಾದರೆ ಮ್ಯಾನೇಜರ್ ಅವರನ್ನು ಕೇಳಿ ಹೇಳಬೇಕು ಎಂಬ ನಿಯಮವಿತ್ತು. ಕೇಳಲಿಲ್ಲ. ಹೇಗೂ ಆ ಡಿಸ್ಕಿನಲ್ಲಿ ಗುಟ್ಟಿನದೇನೂ ಉಳಿಸಿರಲಿಲ್ಲ. ಉಳಿದಿದ್ದ ಗುಟ್ಟು ಪಾಸ್‌ವರ್ಡ್ ಒಂದೇ.

"ಬರ್ಕೋ. ಎಲ್ಲಾ ಸಣ್ಣಕ್ಷರ. ಎನ್, ಎ, ಎನ್, ಎ."

"ಎನ್, ಎ, ಎನ್, ಎ," ಅವಳು ಒತ್ತುತ್ತಾ ಹೇಳಿದಳು.

"ಜಿ. ವೈ."

ಹಿಂದೆ ಯಾರೋ ಗಂಡಸು ಇಂಗ್ಲಿಷಿನಲ್ಲಿ ಏನೋ ಕೇಳುತ್ತಿದ್ದ.

"ಸಾಕು," ಎಂದಳು. "ಮುಂದಿಂದು ಗೊತ್ತಾಯ್ತು." ಆಮೇಲೆ ಕೇಳಿದಳು, "ಯಾಕ್‌ಗೆ ಎರಡು ಎ ಹಾಕಿದ್ದೀಯಾ, ಒಂದಾ?"

"ಎರಡು," ಎಂದೆ.

ಕೀಲಿಗಳ ಸದ್ದು ಕೇಳಿಸಿತು. ಅದರ ಅರ್ಥವೇನು ಎಂದು ಆ ಅಧಿಕಾರಿ ಕೇಳಿರಬೇಕು. ಅವಳು ಇಂಗ್ಲಿಷಿನಲ್ಲಿ, ಅದೊಂದು ಹೆಸರು, ನನ್ನ ಗೆಳತಿಯದು ಎಂದು ಹೇಳಿದಳು. ಆಮೇಲೆ ನನಗೆ, "ಓಪನ್ ಆಯ್ತು. ಇಡ್ತೀನಿ" ಎಂದಳು. ಹತ್ತು ನಿಮಿಷದಲ್ಲಿ ಬಿಟ್ಟರು ಎಂದು ಸಂಜೆ ಮೆಸೇಜ್ ಬಂತು. ಅದರಲ್ಲಿ ಬೇರೆ ಮಾತಿರಲಿಲ್ಲ.

ಎರಡು ವಾರ ನಾನು ಡಬ್ಬಿಯನ್ನು ನನ್ನ ಜಾಗದಲ್ಲೇ ಕೂತು ತಿಂದೆ. ಹಿಂದಿರುಗಿದ ದಿನ ಅವಳು ಎಲ್ಲರಿಗೂ ಚಾಕಲೇಟ್ ಹಂಚಿದಳು, ನನಗೂ ಎಲ್ಲರಿಗೆ ಕೊಟ್ಟಷ್ಟೇ ಕೊಟ್ಟಳು. ಏರ್‌ಪೋರ್ಟಿನಲ್ಲಿ ನಡೆದದ್ದು ಗೊತ್ತಿಲ್ಲದ ಮ್ಯಾನೇಜರ್ ಮೀಟಿಂಗಿನಲ್ಲಿ ನನ್ನ ವ್ಯವಸ್ಥೆಯನ್ನು ಹೊಗಳಿದರು. ಪಾಸ್‌ವರ್ಡ್ ಇಲ್ಲೇ ಇದ್ದಿದ್ದಕ್ಕೆ ಡೇಟಾ ಭದ್ರವಾಗಿ ಹೋಗಿಬಂತು, ಇನ್ನು ಮುಂದೆ ಇದೇ ನಿಯಮ ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ಅವಳು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಾ ಕೂತಿದ್ದಳು. ಅವಳು ಅಲ್ಲೇ ಎಲ್ಲ ಹೇಳಿಬಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು.

ಮಧ್ಯಾಹ್ನ ಅವಳೇ ಡಬ್ಬಿ ಹಿಡಿದು ನನ್ನ ಎದುರು ಬಂದು ಕೂತಳು.

"ನಿನಗ್ಯಾಕಿಲ್ಲ ಅಂತ ನನಗೂ ಗೊತ್ತಿಲ್ಲ ಕಣೇ," ಎಂದಳು. "ಒಂದು ಪಾಸ್‌ಪೋರ್ಟ್ ಮಾಡಿಸ್ಕೋ. ಫಾರಂ ನಾನೇ ತಂದ್ಕೊಡ್ತೀನಿ."

"ಆವತ್ತು ಎರಡು ಸಲ ನಾನು ಬೇಕಂತ್ಲೇ ಫೋನ್ ಎತ್ತಲಿಲ್ಲ," ಎಂದೆ.

"ಅನ್ಕೊಂಡೆ," ಎಂದಳು.

ಪಾಸ್‌ಪೋರ್ಟ್ ಮಾಡಿಸಿದೆ. ವಿಚಾರಣೆಗೆ ಪೊಲೀಸಿನವರು ಮನೆಗೆ ಬಂದ ದಿನ ಅಪ್ಪ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಬಾಗಿಲಲ್ಲೇ ಕಾದಿದ್ದರು. ಎರಡು ವರ್ಷದ ನಂತರ ನನ್ನನ್ನೂ ಕಳಿಸಿದರು, ಅದೇ ದೇಶಕ್ಕೆ, ಅದೇ ಲ್ಯಾಬಿಗೆ. ಸಾಲಿನಲ್ಲಿ ನಿಂತಾಗ ಲ್ಯಾಪ್‌ಟಾಪ್ ಚೀಲವನ್ನು ಎದೆಗೆ ಅವಚಿಕೊಂಡು, ಏನು ಕೇಳಿದರೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಒಪ್ಪಿಸುತ್ತಿದ್ದೆ. ಅಧಿಕಾರಿ ಪಾಸ್‌ಪೋರ್ಟಿನ ಮೇಲೆ ಮುದ್ರೆ ಒತ್ತಿ ಮುಂದೆ ಹೋಗಿ ಎಂದು ಸನ್ನೆ ಮಾಡಿದ. ಲ್ಯಾಪ್‌ಟಾಪನ್ನು ಯಾರೂ ಕೇಳಲಿಲ್ಲ. ಹೊರಗೆ ಬಂದಾಗ ನೆಮ್ಮದಿಯಾಗಬೇಕಿತ್ತು. ಅದರ ಬದಲು, ತಡೆದು ಕೂರಿಸಿಕೊಳ್ಳುವಷ್ಟು ಮುಖ್ಯವಾದವಳೂ ಅವಳೇ ಆದಳಲ್ಲ ಅನ್ನಿಸಿತು. ಇಂಥದ್ದಕ್ಕೂ ಹೊಟ್ಟೆ ಉರಿಯುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಹೋಟೆಲಿನಿಂದ ಅವಳಿಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು.

"ಏನಾದ್ರೂ ತೊಂದ್ರೆ ಆಯ್ತಾ?"

"ನನ್ನನ್ನೂ ಕೂರಿಸಿದ್ರು ಕಣೇ," ಎಂದೆ. "ಅರ್ಧ ಗಂಟೆ."

"ಅಯ್ಯೋ ಪಾಪ," ಎಂದಳು ಅವಳು, "ಮೊದ್ಲು ಏನಾದ್ರೂ ಬಿಸಿ ಕುಡಿ."