ಒದ್ದೆ ಹೊಟ್ಟೆಯ ಟಿಟ್ಟಿಭ

ಮಿಯಾಪುರದ ಮೆಟ್ರೋ ನಿಲ್ದಾಣಕ್ಕೆ ಹೊರಟವಳು ಆಟೋ ಸಿಗದೆ, ಕಟ್ಟುತ್ತಿದ್ದ ಅಪಾರ್ಟ್‌ಮೆಂಟೊಂದರ ನೆರಳಿನಲ್ಲಿ ನಿಂತಿದ್ದೆ. ಮೇ ತಿಂಗಳ ಮಧ್ಯಾಹ್ನ. ಎದುರಿನ ಗುಂಡಿಯ ನೀರಿನಲ್ಲಿ ಟಿಟ್ಟಿಭ ಹಕ್ಕಿಯೊಂದು ಕುಳಿತು, ಎದ್ದು, ಮತ್ತೆ ಕುಳಿತಿತು. ಒಂದು ಗುಟುಕೂ ಕುಡಿಯಲಿಲ್ಲ.

“ಪಾಪ, ಸೆಕೆಗೆ ಸ್ನಾನ ಮಾಡ್ತಿದೆ” ಎಂದೆ, ನನ್ನಷ್ಟಕ್ಕೆ.

ಹೊಸ ಗೋಡೆಗೆ ನೀರು ಹಾಯಿಸುತ್ತಿದ್ದ ಹೆಂಗಸು, ಆ ತೆಲುಗು ಊರಿನಲ್ಲಿ ಕನ್ನಡ ಕೇಳಿ ತಿರುಗಿದಳು. ಯಾದಗಿರಿ ಕಡೆಯ ಭೀಮವ್ವ. “ಜಳಕ ಅಲ್ರಿ ಅಕ್ಕಾರ. ಹೊಟ್ಟಿ ತೋಯಿಸ್ಕೊಳ್ಳಾಕತ್ತೈತಿ. ಈಗ ನೋಡ್ರಿ.”

ಹಕ್ಕಿ ಜಲ್ಲಿಯ ರಾಶಿಯತ್ತ ಓಡಿತು. ಅಲ್ಲಿ ಕಲ್ಲಿನ ಬಣ್ಣದವೇ ನಾಲ್ಕು ಮೊಟ್ಟೆಗಳು. ಅವಳು ತೋರಿಸದಿದ್ದರೆ ನನಗೆ ಕಾಣುತ್ತಲೇ ಇರಲಿಲ್ಲ. ಹಕ್ಕಿ ಒದ್ದೆ ಗರಿಗಳನ್ನು ಅವುಗಳಿಗೆ ತಾಗಿಸಿ ಕುಳಿತಿತು.

“ಈ ಖಡಿ ಕಲ್ಲು ಹಂಚಿನಂಗ ಕಾದೈತಿ. ತತ್ತಿ ಬೇಯಬಾರದಲ್ರಿ, ಅದಕ್ಕ ತಣ್ಣಗ ಮಾಡತೈತಿ. ಕಾವು ಕೊಡೋದು ಎಲ್ಲಾರೂ ನೋಡೀವಿ. ತಂಪು ಕೊಡೋದು ನಾನೂ ಇಲ್ಲೇ ನೋಡಿದ್ದು.”

ಅಷ್ಟರಲ್ಲಿ ಮೇಸ್ತ್ರಿ ಬಂದು, ಅದೇ ರಾಶಿಯಿಂದ ಜಲ್ಲಿ ತುಂಬಿರೆಂದು ಬುಟ್ಟಿ ಹೊತ್ತ ಆಳುಗಳಿಗೆ ತೆಲುಗಿನಲ್ಲಿ ಕೂಗಿದ. ಹಕ್ಕಿ ಚೀರುತ್ತ ಎದ್ದು, ಹತ್ತು ಮಾರು ಆಚೆ ಬರಿ ನೆಲದ ಮೇಲೆ ಕಾವಿಗೆ ಕುಳಿತಂತೆ ಕುಳಿತಿತು. ಮೇಸ್ತ್ರಿ ಅಲ್ಲಿಗೇ ಹೋಗಿ, ಹಕ್ಕಿಯನ್ನು ಎಬ್ಬಿಸಿ, ಬಗ್ಗಿ ಮೊಟ್ಟೆ ಹುಡುಕಿದ. ಏನೂ ಇರಲಿಲ್ಲ.

ಭೀಮವ್ವ ಸೆರಗು ಬಾಯಿಗಿಟ್ಟು ನಕ್ಕಳು. “ಅಲ್ಲಿ ತತ್ತಿ ಐತಿ ಅಂತ ನಂಬಿಸಿಬಿಡ್ತು ನೋಡ್ರಿ!” ಆಮೇಲೆ, ಆಳುಗಳು ರಾಶಿಗೆ ಕೈ ಹಾಕುವ ಮೊದಲೇ ಅವನನ್ನು ಕರೆದು ನಿಜವಾದ ಗೂಡು ತೋರಿಸಿದಳು.

ಅವನು ಮೊಟ್ಟೆಗಳತ್ತ ಬಗ್ಗಿ ನೋಡಿದ. “ಇಪ್ಪತ್ತು ವರ್ಷದಿಂದ ಆಳುಗಳನ್ನು ಓಡಾಡಿಸಿದವನು ನಾನು, ಇದು ನನ್ನನ್ನೇ ಓಡಾಡಿಸಿತಲ್ಲ” ಎಂದು ತೆಲುಗಿನಲ್ಲಿ ಗೊಣಗಿ, ಬುಟ್ಟಿ ಹೊತ್ತವರನ್ನೆಲ್ಲ ಬೇರೆ ರಾಶಿಗೆ ಕಳಿಸಿದ.