ಏರಿಯ ಬುಡದಲ್ಲಿ ಕೆಂಪು ನೀರು

ಮದುವೆಯಾಗಿ ತರೀಕೆರೆಗೆ ಬರುವ ಮುನ್ನ, ನಮ್ಮ ಮನೆ ಕೆರೆ ಏರಿಯ ಕೆಳಗೇ ಇದೆಯೆಂದು ನನಗೆ ಯಾರೂ ಹೇಳಿರಲಿಲ್ಲ. ಪಾಳೇಗಾರರ ಕಾಲದ ಬೀದಿಯಂತೆ. ಹಿತ್ತಿಲು ಮುಗಿದಲ್ಲೇ ಏರಿ ಶುರು. ಸಂಜೆ ಊರವರೆಲ್ಲ ಅದರ ಮೇಲೆ ಗಾಳಿಗೆ ಬರುತ್ತಿದ್ದರು. ನನಗೆ ಮಾತ್ರ ಬಟ್ಟೆ ಒಣಹಾಕುವಾಗಲೂ ಅದೇ ಯೋಚನೆ: ಆ ಮಣ್ಣಿನಾಚೆ ನೀರು ನನ್ನ ತಲೆಗಿಂತ ಎತ್ತರದಲ್ಲಿ ನಿಂತಿದೆ.

ಪಕ್ಕದ ಮನೆಯ ಅಜ್ಜಿಯ ಗಂಡ ನೀರುಗಂಟಿಯಾಗಿದ್ದವರು. ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುತ್ತಿದ್ದರಂತೆ. ಮಳೆಗಾಲದಲ್ಲಿ ಏರಿಯ ಬುಡದಲ್ಲಿ ಜಿನುಗುವ ನೀರನ್ನು ಅಜ್ಜಿ ದಿನಾ ಬೆಳಿಗ್ಗೆ ಲೋಟದಲ್ಲಿ ಹಿಡಿದು ನೋಡುತ್ತಿದ್ದರು.

"ತಿಳಿಯಾಗಿದ್ರೆ ಹೆದರ್ಬೇಡ ಕಣಮ್ಮ. ಮಣ್ಣು ಕಲಸ್ಕೊಂಡು ಬಂದ್ರೆ ನೀರು ಏರೀನ ಒಳಗೊಳಗೇ ಕೊರೀತಾ ಐತೆ ಅಂತ."

ಕೆಲವು ವರ್ಷಗಳ ಹಿಂದೆ ಕೆರೆ ತುಂಬಿ ಕೋಡಿ ಹರಿಯುತ್ತಿದ್ದಾಗ, ಒಂದು ಬೆಳಿಗ್ಗೆ ನಾನು ಮಗಳಿಗೆ ಜಡೆ ಹಾಕುತ್ತಿದ್ದೆ. ಅಜ್ಜಿ ಹಿತ್ತಿಲಿನಿಂದ ಕೂಗಿದರು. ಹೋಗಿ ನೋಡಿದರೆ ಲೋಟದ ನೀರು ಕೆಂಪಗೆ ರಾಡಿಯಾಗಿತ್ತು.

"ಮಗೀನ ಎತ್ಕೊಂಡು ಮೇಲಿನ ಬೀದಿಗೆ ಹೋಗು. ಏನೂ ತಗೋಬೇಡ!"

ಗಂಡ ಕೆಲಸಕ್ಕೆಂದು ಅಜ್ಜಂಪುರಕ್ಕೆ ಹೋಗಿಯಾಗಿತ್ತು. ಮಗಳನ್ನು ಎತ್ತಿಕೊಂಡು ಬರಿಗಾಲಲ್ಲಿ ಓಡಿದೆ. ಯಾರದೋ ಮನೆಯಿಂದ ಒಗ್ಗರಣೆ ವಾಸನೆ ಬರುತ್ತಿತ್ತು. ಕೊನೆಯ ಮನೆಯಾಕೆ ಬಾಗಿಲು ಗುಡಿಸುತ್ತಾ, "ಎಲ್ಲಿಗೆ ಕಣೇ, ಹಿಂಗೆ?" ಎಂದರು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ನಿಲ್ಲಲೂ ಇಲ್ಲ.

ಮೇಲಿನ ಬೀದಿ ತಲುಪಿ ತಿರುಗಿ ನೋಡಿದೆ. ನಮ್ಮ ಬೀದಿಯವರು ಒಬ್ಬೊಬ್ಬರಾಗಿ ಬರುತ್ತಿದ್ದರು. ಅಜ್ಜಿ ಪ್ರತಿ ಬಾಗಿಲನ್ನೂ ಬಡಿದಿದ್ದರು. ಕೊನೆಯ ಮನೆಯಾಕೆ, ಕಣ್ಣು ಕಾಣದ ತಮ್ಮ ಅತ್ತೆಯನ್ನು ನಡೆಸಿಕೊಂಡು ನನ್ನೆದುರಿಗೇ ಬಂದು ನಿಂತರು.

"ಒಂದ್ಮಾತು ಹೇಳ್ಬಾರ್ದಾಗಿತ್ತಾ?"



ಅಷ್ಟರಲ್ಲಿ ಯಾರೋ ಫೋನ್ ಮಾಡಿದ್ದರಿಂದ ಇಂಜಿನಿಯರ್ ಬಂದರು, ಹಿಂದೆಯೇ ಮರಳು ಮೂಟೆಗಳ ಲಾರಿ. ತೂಬು ತೆಗೆದು ನೀರು ಇಳಿಸಿದರು. ಅಜ್ಜಿ ಕೆಳಗೇ ನಿಂತು, ನೀರು ಬರುತ್ತಿದ್ದ ಜಾಗವನ್ನು ತೋರಿಸಿದರು. ಸಂಜೆಯವರೆಗೂ ನಾವೆಲ್ಲ ಏರಿಯನ್ನೇ ನೋಡುತ್ತಾ ಕೂತಿದ್ದೆವು. ಸಣ್ಣ ಸದ್ದಾದರೂ ಎದ್ದು ನಿಲ್ಲುತ್ತಿದ್ದೆವು. ಏರಿ ಒಡೆಯದೆ ನಿಂತಿತು. ಮನೆಗಳಿಗೆ ಮರಳಿದೆವು.

ಮರುದಿನ ಕೊನೆಯ ಮನೆಗೆ ಹೋಗಿ, "ತಪ್ಪಾಯ್ತು" ಎಂದೆ. ಆಕೆ ಒಳಗೆ ಕರೆದು ಕೂರಿಸಿದರು.

"ಮಗು ಕಂಕುಳಲ್ಲಿದ್ರೆ ನಾನೂ ಓಡ್ತಿದ್ನೇನೋ, ಬಿಡು" ಎಂದು ಕಾಫಿ ಕೊಟ್ಟರು.

ಕ್ಷಮಿಸಿದ್ದರು. ಆದರೂ ಈಗ ಜೋರು ಮಳೆ ಹಿಡಿದರೆ ನನಗೆ ನೀರಿನದೊಂದೇ ಭಯವಲ್ಲ. ಇನ್ನೊಂದು ಸಲ ಹಾಗಾದರೆ ಆ ಬಾಗಿಲ ಮುಂದೆ ನನ್ನ ಕಾಲು ನಿಲ್ಲುತ್ತದೆಯೋ ಇಲ್ಲವೋ, ನನಗೇ ಗೊತ್ತಿಲ್ಲ.