ಕೋಳಿಗೆ ಹಲ್ಲು ಬಂದಾಗ

ಬ್ರೆಸ್ಟ್ ಬಂದರಿನ ಒದಿಲ್ ಮೇಡಂ ಮನೆಯಲ್ಲಿ ಬಾಡಿಗೆಗಿರುವವರಿಗೆ ಊಟದ ಜೊತೆ ಫ್ರೆಂಚ್ ನುಡಿಗಟ್ಟೂ ಕಡ್ಡಾಯ. ವಿಯೆಟ್ನಾಮಿನಿಂದ ಓದಲು ಬಂದ ಲಿಯೆನ್ ಮಂಕಾಗಿ ಕೂತರೆ, "ಏನಮ್ಮಾ, ಒಳಗೆ ಜಿರಲೆ ಹೊಕ್ತಾ? ಬೇಜಾರಾದ್ರೆ ಹಾಗನ್ಬೇಕು. ಎಲ್ಲಿ, ಹೇಳು" ಎನ್ನುತ್ತಾರೆ, ಸರಿಯಾಗಿ ಹೇಳುವ ತನಕ ಸೂಪಿನ ಸೌಟು ಬಾಗುವುದಿಲ್ಲ. ತಲೆಸುತ್ತಿ ಬಿದ್ದವನಿಗೂ "ಸೇಬುಗಳೊಳಗೆ ಬಿದ್ದೆ ಅನ್ನು" ಎಂದು ಕಲಿಸಿದ ಮೇಲೇ ನೀರು ಕೊಟ್ಟ ಹೆಂಗಸು. ಒಬ್ಬೊಬ್ಬರ ಊಟದ ಕರವಸ್ತ್ರಕ್ಕೂ, ಸುತ್ತಿ ತೂರಿಸಿಡಲು, ಹೆಸರು ಕೆತ್ತಿದ ಮರದ ಬಳೆಯುಂಟು. ಮನೆ ಬಿಟ್ಟವರದು ಅಂದೇ ಪೆಟ್ಟಿಗೆಗೆ. ಈಸ್ಟರಿಗೆ ಬಂದು ಮದುವೆಯಾಗುತ್ತೇನೆಂದು ಮೇಡಂಗೆ ಮಾತು ಕೊಟ್ಟು ಹಡಗು ಹತ್ತಿದ ಗಾಸ್ಪಾರನದು ಮಾತ್ರ, ಎಷ್ಟೋ ಈಸ್ಟರ್ ಕಳೆದರೂ, ಮೇಜಿನ ಮೇಲೇ ಇದೆ. "ಅವರು ಯಾವಾಗ ಬರ್ತಾರೆ ಮೇಡಂ?" ಎಂದು ಲಿಯೆನ್ ಒಮ್ಮೆ ಕೇಳಿದಳು. "ಕೋಳಿಗೆ ಹಲ್ಲು ಬಂದಾಗ. ಅಂದ್ರೆ ಯಾವತ್ತೂ ಇಲ್ಲ. ಎಲ್ಲಿ, ಹೇಳು" ಎಂದ ಮೇಡಂ, ಆಗಷ್ಟೇ ಇಸ್ತ್ರಿ ಮಾಡಿದ ಅವನ ಕರವಸ್ತ್ರವನ್ನು ಬಳೆಯೊಳಗೆ ತೂರಿಸಿದರು. ಲಿಯೆನ್ ಹೇಳಲಿಲ್ಲ. ಅವತ್ತು ಹೇಳದೆಯೇ ಸೂಪು ಬಂತು.